ಖಾರದ ಮೇಲಿನ ಅಪವಾದ: ಕರುಳು ತೂತಾಗುವುದರ ಸುತ್ತ ಇರುವ ನಂಬಿಕೆಗಳು

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಆತುಕೊಂಡ ಊರು. ಹೊಟ್ಟೆ ಹಿಡಿದುಕೊಂಡು ಇಲ್ಲಿಂದ ಹೊರಟವರಿಗೆ ಒಂದು ಕಡೆ ಆಳಂದ, ಅದನ್ನು ದಾಟಿದರೆ ಕಲಬುರಗಿ; ಇನ್ನೊಂದು ಕಡೆ ಗಡಿಯಾಚೆಯ ಉಮರ್ಗಾ, ಸೊಲ್ಲಾಪುರ. ಆಳಂದದಿಂದ ಕಲಬುರಗಿಗೇ ಸುಮಾರು 40 ಕಿಲೋಮೀಟರ್. ದಾರಿ ಉದ್ದವೇ, ನಿಜ. ಆದರೆ ಕರುಳು ತೂತಾದವರ ಹೊತ್ತನ್ನು ದಾರಿಗಿಂತ ಹೆಚ್ಚಾಗಿ ತಿನ್ನುವುದು ಹೊರಡುವ ಮುಂಚೆ ಮನೆಯಲ್ಲಿ ನಡೆಯುವ ಮಾತು. ‘ಖಾರ ಹೆಚ್ಚಾಗ್ಯದ’, ‘ಬಟ್ಟಿ ಸರದದ’, ‘ಗ್ಯಾಸ್ ಅದ, ಮುಂಜಾನಿ ನೋಡೋಣು’. ಒಂದೊಂದು ಮಾತಿಗೂ ಒಂದೆರಡು ತಾಸು ಹೋಗುತ್ತದೆ.

ಮೊದಲು ಖಾರದ ವಿಷಯ. ಜೋಳದ ರೊಟ್ಟಿಗೆ ರಂಜಕ ಹಚ್ಚಿಕೊಂಡು ಉಣ್ಣುವ ಸೀಮೆಯಲ್ಲಿ ಹೊಟ್ಟೆಯ ಯಾವ ಕಾಯಿಲೆಯಾದರೂ ದೂರು ಹೋಗುವುದು ಮೆಣಸಿನಕಾಯಿಯ ಮೇಲೆ. ಹೊಟ್ಟೆಯಲ್ಲಿ ಹುಣ್ಣಾಗಿ ಅದು ತೂತಾಗುವುದಕ್ಕೂ ಖಾರವೇ ಕಾರಣ ಎಂದು ಓದಿದವರೂ ನಂಬುತ್ತಾರೆ. ಹುಣ್ಣು ಇದ್ದವರಿಗೆ ಖಾರ ಉರಿ ತರಿಸುತ್ತದೆ, ಅಷ್ಟೇ. ಹುಣ್ಣು ಹುಟ್ಟಿಸುವುದು ಅದಲ್ಲ. ಹುಣ್ಣಿನ ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಹೇಳಿದಾಗ ವೈದ್ಯಲೋಕವೇ ನಂಬಲಿಲ್ಲ. ಆಮ್ಲ ತುಂಬಿದ ಜಠರದಲ್ಲಿ ಜೀವಾಣು ಬದುಕುವುದೇ ಎಂದು ಕೇಳಿದವರೇ ಹೆಚ್ಚು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ರಂಜಕದ ಮೇಲಿನ ಅಪವಾದ ಮಾತ್ರ ಇನ್ನೂ ಹೋಗಿಲ್ಲ.

ಎರಡನೆಯ ಕಾರಣ ನಮ್ಮ ಕೈಯಿಂದಲೇ ಹೊಟ್ಟೆ ಸೇರುತ್ತದೆ. ತೊಗರಿ ಕೊಯ್ಲಿನ ದಿನಗಳಲ್ಲಿ ಮೈಕೈ ನೋವು, ಮೊಣಕಾಲು ನೋವು, ಸೊಂಟದ ನೋವು ಎಂದು ಅಂಗಡಿಯಿಂದ ಬಿಡಿಬಿಡಿಯಾಗಿ ತಂದು ನುಂಗುವ ಗುಳಿಗೆಗಳಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಔಷಧಿಗಳಿರುತ್ತವೆ. ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುವ ರಾಸಾಯನಿಕಗಳನ್ನೇ ಇವು ತಡೆಯುತ್ತವೆ. ಊಟ ಮಾಡಿ ನುಂಗಿದರೆ ಏನೂ ಆಗದು ಎಂಬುದು ಅರ್ಧ ಸತ್ಯವೂ ಅಲ್ಲ. ‘ಗುಳಿಗಿ ಬ್ಯಾಡ, ಸೂಜಿ ಮಾಡ್ರಿ, ಹೊಟ್ಟಿಗಿ ತ್ರಾಸ ಇಲ್ಲ’ ಎನ್ನುವುದಂತೂ ಪೂರಾ ತಪ್ಪು, ಏಕೆಂದರೆ ಔಷಧಿ ಕೆಲಸ ಮಾಡುವುದು ರಕ್ತದ ಮೂಲಕ. ಸೂಜಿಯಿಂದ ಹೋದರೂ ಜಠರದ ಕಾವಲು ಸಡಿಲವಾಗುತ್ತದೆ. ಇದರ ಮೇಲೆ ಬೀಡಿಯೂ ಇದ್ದರೆ ಅಪಾಯ ಇನ್ನಷ್ಟು. ತಿಂಗಳುಗಟ್ಟಲೆ ನೋವಿನ ಗುಳಿಗೆ ಬೇಕಾದವರಿಗೆ ಆಮ್ಲ ತಗ್ಗಿಸುವ ಔಷಧಿಯನ್ನು ಜೊತೆಗೆ ಕೊಡಬೇಕೇ, ಪ್ಯಾರಾಸಿಟಮಾಲ್ ಸಾಕೇ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು.

ಇನ್ನೊಂದು ತೂತು ಜ್ವರದಿಂದ ಬರುತ್ತದೆ. ಕೊಳಕು ನೀರು, ಕೊಳಕು ಆಹಾರದಿಂದ ಬರುವ ಟೈಫಾಯ್ಡಿನಲ್ಲಿ ಸಣ್ಣ ಕರುಳಿನ ಕೊನೆಯ ಭಾಗದ ಗ್ರಂಥಿಗಳು ಊದಿಕೊಂಡು ಹುಣ್ಣಾಗುತ್ತವೆ. ಆ ಹುಣ್ಣು ತೂತಾಗುವುದು ಸಾಮಾನ್ಯವಾಗಿ ಎರಡನೆಯ ವಾರದ ಕೊನೆಗೆ ಅಥವಾ ಮೂರನೆಯ ವಾರದಲ್ಲಿ. ಅಂದರೆ ಜ್ವರ ಇಳಿಯುತ್ತ ಬಂತು ಎಂದು ಗುಳಿಗೆ ನಿಲ್ಲಿಸಿ ಹೊಲಕ್ಕೆ ಹೊರಡುವ ಹೊತ್ತಿಗೇ. ‘ಜ್ವರದಾಗ ಅನ್ನ ಉಂಡ, ಅದಕ್ಕ ಕರುಳು ತೂತ ಬಿತ್ತು’ ಎಂದು ಹೆಂಡತಿಯನ್ನೋ ತಾಯಿಯನ್ನೋ ಬೈಯುವುದುಂಟು. ಹಿಂದೆ ವೈದ್ಯರೂ ಇದೇ ಹೆದರಿಕೆಯಿಂದ ಟೈಫಾಯ್ಡ್ ರೋಗಿಗಳನ್ನು ಉಪವಾಸ ಕೆಡವುತ್ತಿದ್ದರು. ಗಂಜಿ, ಮೆತ್ತನೆಯ ಅನ್ನ ತೂತು ಮಾಡುವುದಿಲ್ಲ. ಚಿಕಿತ್ಸೆ ಸಿಗದೆ ಆಳವಾದ ಹುಣ್ಣು ಮಾಡುತ್ತದೆ. ಒಂದೇ ಒಂದು ವಿಡಾಲ್ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಇದೆ, ಇಲ್ಲ ಎಂದು ತೀರ್ಪು ಕೊಡುವುದೂ ಸರಿಯಲ್ಲ. 1896ರ ಕಾಲದ ಆ ಪರೀಕ್ಷೆ ಎರಡೂ ಕಡೆ ತಪ್ಪುತ್ತದೆ. ಹೆಚ್ಚು ನಂಬಬಹುದಾದದ್ದು ರಕ್ತದ ಕಲ್ಚರ್, ಅದನ್ನೂ ಆ್ಯಂಟಿಬಯೋಟಿಕ್ ಶುರುವಾಗುವ ಮುಂಚೆ ಮಾಡಿಸಬೇಕು.

ಕರುಳಿನ ಕ್ಷಯ, ಒಡೆದ ಅಪೆಂಡಿಕ್ಸ್ ಇವೂ ಕಾರಣಗಳೇ. ಜಂತುಹುಳು ಕರುಳನ್ನು ಕೊರೆದು ಹೊರಬರುತ್ತದೆ ಎಂಬುದು ಹಳೆಯ ಮಾತು. ಆರೋಗ್ಯವಾಗಿರುವ ಕರುಳನ್ನು ಅದು ಕೊರೆಯುವುದು ತೀರ ಅಪರೂಪ. ಬೇರೆ ಕಾರಣಕ್ಕೆ ಆದ ತೂತಿನಿಂದ ಅದು ಹೊರಗೆ ಇಣುಕಿದಾಗ ಆರೋಪ ಅದರ ತಲೆಗೆ ಬರುತ್ತದೆ.

ಮೇಲೆ ಗಾಯವಿಲ್ಲದಿದ್ದರೆ ಒಳಗೂ ಇಲ್ಲ ಎಂಬ ನಂಬಿಕೆಗೆ ನಮ್ಮ ರಾಜ್ಯದಲ್ಲೇ ಒಂದು ಪ್ರಸಿದ್ಧ ಉತ್ತರವಿದೆ. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯ ನಡೆಯುತ್ತಿದ್ದಾಗ ಅಮಿತಾಭ್ ಬಚ್ಚನ್ ಅವರ ಹೊಟ್ಟೆಗೆ ಮೇಜಿನ ಅಂಚು ಬಡಿಯಿತು. ಚರ್ಮ ಹರಿದು ರಕ್ತ ಸುರಿಯುವಂಥ ಏಟಲ್ಲ, ಆದರೆ ಒಳಗೆ ಕರುಳು ಒಡೆದಿತ್ತು. ಬೆಂಗಳೂರಿನ ಸೇಂಟ್ ಫಿಲೋಮಿನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಆಮೇಲೆ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಗೆ ಒಯ್ದು, ಅವರು ಸಾವಿನ ಹೊಸ್ತಿಲಿಂದ ಮರಳಿದ್ದನ್ನು ಇಡೀ ದೇಶ ನೋಡಿತು. ಎತ್ತು ಹಾಯ್ದಾಗ, ಬೈಕಿನ ಹ್ಯಾಂಡಲ್ ಹೊಟ್ಟೆಗೆ ತಾಗಿದಾಗ, ಸೈಕಲ್ ಕಲಿಯುವ ಹುಡುಗ ಬಿದ್ದಾಗ ನಡೆಯುವುದೂ ಇದೇ. ಏಟಿಗೂ ಬೆನ್ನುಮೂಳೆಗೂ ನಡುವೆ ಕರುಳು ಸಿಕ್ಕಿ ಒಡೆಯುತ್ತದೆ, ಮೇಲೆ ಒಂದು ಕಂದುಗಟ್ಟಿದ ಗುರುತೂ ಇರದಿರಬಹುದು. ಅಂಥ ಏಟು ತಿಂದವನ ಹೊಟ್ಟೆ ಮರುದಿನ ನೋಯತೊಡಗಿದರೂ ತೋರಿಸಲೇಬೇಕು.

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವ ನಂಬಿಕೆ ಯಾವುದು ಎಂದು ಕೇಳಿದರೆ ನಾನು ಇದನ್ನು ಹೇಳುತ್ತೇನೆ: ‘ಬ್ಯಾನಿ ಕಮ್ಮಿ ಆಗ್ಯದ, ಇನ್ನ ಆರಾಮ ಆಗ್ತದ.’ ಜಠರದ ಹುಣ್ಣು ತೂತಾದ ಕ್ಷಣ ಚೂರಿ ಇರಿದಂಥ ನೋವು ಬರುತ್ತದೆ. ಆಮ್ಲ ಹೊಟ್ಟೆಯ ಒಳಪೊರೆಯ ಮೇಲೆ ಚೆಲ್ಲಿ ಸುಟ್ಟಂತಾಗುತ್ತದೆ. ಕೆಲವರಿಗೆ ನೋವು ಭುಜದ ತುದಿಗೂ ಏರುತ್ತದೆ. ಹೊಟ್ಟೆ ಹಲಗೆಯಾಗುತ್ತದೆ. ಆಮೇಲೆ ಕೆಲವು ತಾಸುಗಳಲ್ಲಿ ಆ ಪೊರೆಯೇ ನೀರೊಸರಿ ಆಮ್ಲವನ್ನು ತೆಳುವಾಗಿಸುತ್ತದೆ. ನೋವು ತಗ್ಗುತ್ತದೆ, ಮುಖ ತಿಳಿಯಾಗುತ್ತದೆ, ಕರೆಸಿದ ಗಾಡಿಯನ್ನು ವಾಪಸ್ ಕಳಿಸುತ್ತಾರೆ. ಇಲ್ಲೇ ಮೋಸ. ಸುಮಾರು 12 ತಾಸಿನ ಹೊತ್ತಿಗೆ ಬ್ಯಾಕ್ಟೀರಿಯಾ ಹೊಟ್ಟೆಯೆಲ್ಲ ಹಬ್ಬಿ ಕೀವಾಗತೊಡಗುತ್ತದೆ. ಹೊಟ್ಟೆ ಉಬ್ಬುತ್ತದೆ, ನಾಡಿ ಓಡುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಹುಣ್ಣು ತೂತಾದ ರೋಗಿಗಳ ಮೇಲೆ ಡೆನ್ಮಾರ್ಕಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ದಿನದಲ್ಲಿ ಶಸ್ತ್ರಚಿಕಿತ್ಸೆ ತಡವಾದ ಪ್ರತಿ ತಾಸಿಗೂ ಉಳಿಯುವ ಸಾಧ್ಯತೆ ಶೇ 2.4ರಷ್ಟು ಇಳಿಯುತ್ತಿತ್ತು.

ಈ ನೋವನ್ನು ಮನೆಯವರೂ ಗುರುತಿಸಬಹುದು. ಬರೀ ಹೊಟ್ಟೆ ನುಲಿತ ಇದ್ದವರು ಹೊರಳಾಡುತ್ತಾರೆ. ತೂತಾದವರು ಅಲ್ಲಾಡದೆ ಮಲಗುತ್ತಾರೆ, ಕೆಮ್ಮಲೂ ಹೆದರುತ್ತಾರೆ. 2012ರಲ್ಲಿ ಬ್ರಿಟನ್ನಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯರು ರೋಗಿಗಳಿಗೆ ‘ಬರುವಾಗ ರಸ್ತೆ ಉಬ್ಬಿನ ಮೇಲೆ ನೋವಾಯಿತೇ’ ಎಂದು ಕೇಳಿ ಲೆಕ್ಕ ಇಟ್ಟರು. ಅಪೆಂಡಿಸೈಟಿಸ್ ಖಚಿತವಾದ 34 ಜನರಲ್ಲಿ 33 ಜನ ಹೌದು ಎಂದಿದ್ದರು. ಹೊಟ್ಟೆಯ ಒಳಪೊರೆ ಕೆರಳಿದರೆ ಕುಲುಕು ತಾಳದು. ನಮ್ಮ ತಗ್ಗು ಬಿದ್ದ ರಸ್ತೆಗಳಲ್ಲಿ ಈ ಪರೀಕ್ಷೆಗೆ ಉಬ್ಬೇ ಬೇಕಾಗಿಲ್ಲ.

ಆ ಹೊತ್ತಿನಲ್ಲಿ ಬಟ್ಟಿ ಸರಿದಿದೆ ಎಂದು ಎಣ್ಣೆ ಹಚ್ಚಿ ಹೊಕ್ಕಳ ತಿಕ್ಕಿಸುವುದು, ಬರೆ ಕೊಡಿಸುವುದು, ಹೊಟ್ಟೆ ಸಾಫ್ ಆಗಲಿ ಎಂದು ಔಡಲ ಎಣ್ಣೆ ಕುಡಿಸುವುದು ಬೇಡವೇ ಬೇಡ. ಭೇದಿ ಔಷಧಿ ಕರುಳನ್ನು ಬಡಿದೆಬ್ಬಿಸಿ ಒಳಗಿನ ಸೋರಿಕೆಯನ್ನು ಹೆಚ್ಚಿಸುತ್ತದೆ. ಸೋಡಾ, ಜೀರಿಗೆ ನೀರು, ಚಹಾ ಯಾವುದನ್ನೂ ಕೊಡಬಾರದು. ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿದರೆ ಸಾಕು.

ನೋವಿನ ಸೂಜಿಯ ಬಗ್ಗೆ ವೈದ್ಯರಿಗೇ ಒಂದು ತಪ್ಪು ಕಲ್ಪನೆ ಇತ್ತು. ಕಾಯಿಲೆ ಗೊತ್ತಾಗುವ ಮುಂಚೆ ನೋವು ತಗ್ಗಿಸಿದರೆ ಲಕ್ಷಣ ಮುಚ್ಚಿಹೋಗುತ್ತದೆ ಎಂದು ತಲೆಮಾರುಗಳ ಕಾಲ ರೋಗಿಗಳನ್ನು ನರಳಲು ಬಿಟ್ಟರು. ಆಸ್ಪತ್ರೆಯಲ್ಲಿ ಕಣ್ಣೆದುರಿಟ್ಟುಕೊಂಡು ನೋವು ತಗ್ಗಿಸಿದರೆ ರೋಗ ಪತ್ತೆಗೆ ಅಡ್ಡಿಯಿಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಊರಲ್ಲಿ ಸೂಜಿ ಮಾಡಿಸಿಕೊಂಡು ಮನೆಗೆ ಹೋಗಿ ಮಲಗುವುದು ಬೇರೆ ಮಾತು.

ಎಕ್ಸ್‌ರೇ ಚಲೋ ಬಂದರೆ ತೂತಿಲ್ಲ ಎಂದೂ ಅಲ್ಲ. ನಿಲ್ಲಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಂಡರೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪೊರೆಯ ಅಡಿ ಕಂಡರೆ, ವಿಷಯ ಬಹುತೇಕ ಮುಗಿಯಿತು. ಆದರೆ ಒಂದಷ್ಟು ರೋಗಿಗಳಲ್ಲಿ ಅದು ಕಾಣುವುದೇ ಇಲ್ಲ, ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಗುಳಿಗೆಯಲ್ಲೇ ತೂತು ಮುಚ್ಚಬಾರದೇ? ಸಣ್ಣ ತೂತು ತಾನಾಗಿ ಮುಚ್ಚಿಕೊಂಡ ಕೆಲವೇ ಜನರನ್ನು ಆಸ್ಪತ್ರೆಯಲ್ಲಿಟ್ಟು ಆಪರೇಷನ್ ಇಲ್ಲದೆ ನೋಡುವುದುಂಟು. ಮಿಕ್ಕವರಿಗೆ ಸಲೈನ್, ಆ್ಯಂಟಿಬಯೋಟಿಕ್, ಮೂಗಿನಿಂದ ಜಠರಕ್ಕೆ ನಳಿಕೆ, ಆಮೇಲೆ ಆಪರೇಷನ್. ಹುಣ್ಣಿನ ತೂತಿಗೆ ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರವನ್ನೇ ತೇಪೆ ಹಾಕಿ ಹೊಲಿಯುತ್ತಾರೆ. ಟೊರೊಂಟೊದ ರಾಸ್ಕೋ ಗ್ರಹಾಂ 1937ರಲ್ಲಿ ವಿವರಿಸಿದ ಈ ವಿಧಾನ ಇಂದಿಗೂ ನಡೆದಿದೆ. ಟೈಫಾಯ್ಡಿನಲ್ಲಿ ತೂತು ಹಲವಿದ್ದರೆ, ತಡವಾಗಿ ಬಂದಿದ್ದರೆ, ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಬೇಕಾಗಬಹುದು. ಚೀಲ ಕಂಡು ಮನೆಯವರು ಬದುಕೇ ಮುಗಿಯಿತು ಎಂದು ಅಳುತ್ತಾರೆ. ಇಂಥ ರೋಗಿಗಳಲ್ಲಿ ಅದು ಬಹುತೇಕ ತಾತ್ಕಾಲಿಕ. ಮೈ ಚೇತರಿಸಿಕೊಂಡ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ, ಕರುಳನ್ನು ಮತ್ತೆ ಒಳಗೆ ಜೋಡಿಸುತ್ತಾರೆ.

ರೊಕ್ಕಕ್ಕೆ ಹೆದರಿ ತಡಮಾಡುವವರೂ ಇದ್ದಾರೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಪುಕ್ಕಟೆ. ಕಲಬುರಗಿಯಲ್ಲಿ ಸರ್ಕಾರದ ಜಿಮ್ಸ್ ಆಸ್ಪತ್ರೆಯಿದೆ, ಎಂ.ಆರ್. ಮೆಡಿಕಲ್ ಕಾಲೇಜಿನ ಬಸವೇಶ್ವರ ಆಸ್ಪತ್ರೆಯಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗಿರಲಿ.

ಹೊಲಿಗೆ ಬಿಚ್ಚಿದ ಮೇಲೂ ಒಂದು ತಪ್ಪು ಉಳಿದಿರುತ್ತದೆ: ತೂತು ಮುಚ್ಚಿದರು, ಕಾಯಿಲೆ ಹೋಯಿತು ಎಂಬುದು. ತೇಪೆ ತೂತಿಗಷ್ಟೇ. ಪೈಲೋರಿ ಇದ್ದರೆ ಸಾಮಾನ್ಯವಾಗಿ ಎರಡು ವಾರದ ಆ್ಯಂಟಿಬಯೋಟಿಕ್ ಕೋರ್ಸ್ ಬೇರೆಯೇ ಮುಗಿಸಬೇಕು. ಯಾವ ನೋವಿನ ಗುಳಿಗೆ ನುಂಗಬಾರದು ಎಂಬುದನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಂಡು, ಮುಂದೆ ಮೊಣಕಾಲು ನೋವಿಗೆ ಔಷಧಿ ಕೇಳುವಾಗ ಅಂಗಡಿಯವರಿಗೆ ಆ ಚೀಟಿಯನ್ನೇ ತೋರಿಸಬೇಕು.