ದಂಟೇ ಸವಿಯಾದ ಕೋಸು

ಕೋಸಿನ ಕುಲ ದೊಡ್ಡದು. ಎಲೆಗಳು ಒಂದರ ಮೇಲೊಂದು ಸುತ್ತಿಕೊಂಡರೆ ಎಲೆಕೋಸು. ಮೊಗ್ಗು ಬೆಳ್ಳಗೆ ಗಟ್ಟಿಯಾದರೆ ಹೂಕೋಸು. ದಂಟು ಉಬ್ಬಿ ಗೆಡ್ಡೆಯಂತಾದರೆ ನವಿಲುಕೋಸು. ಹಸಿರು ಮೊಗ್ಗಿನ ಬ್ರೊಕೊಲಿಯೂ ಈ ಮನೆಯ ಮಗಳೇ. ಸಸ್ಯಶಾಸ್ತ್ರಜ್ಞರು ಇವೆಲ್ಲವನ್ನೂ ಒಂದೇ ಜಾತಿಯ ಸಸ್ಯವೆಂದು ಎಣಿಸುತ್ತಾರೆ.

ಈ ಮನೆತನಕ್ಕೆ ಈಚೆಗೆ ಸೇರಿದುದು ಉದ್ದ ದಂಟಿನ ಬ್ರೊಕೊಲಿ. ಜಪಾನಿನ ಯೊಕೊಹಾಮಾ ನಗರದ ಸಕಾಟಾ ಬೀಜ ಸಂಸ್ಥೆಯವರು ಬ್ರೊಕೊಲಿಯನ್ನೂ ಚೀನೀಯರ ಮೆಚ್ಚಿನ ಕೈಲಾನ್ ಸೊಪ್ಪನ್ನೂ ಪರಾಗಸ್ಪರ್ಶದ ಹಳೆಯ ಕ್ರಮದಿಂದಲೇ ಕೂಡಿಸಿ ಈ ತಳಿಯನ್ನು ಪಡೆದರು. 1998ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಇದಕ್ಕೆ ‘ಬ್ರೊಕೊಲಿನಿ’ ಎಂಬ ಹೆಸರಾಯಿತು. ಇಂಗ್ಲೆಂಡಿನಲ್ಲಿ ಇದು ‘ಟೆಂಡರ್‌ಸ್ಟೆಮ್’, ಎಂದರೆ ಎಳೆದಂಟು. ಗುಣವೂ ಹೆಸರಿಗೆ ತಕ್ಕುದೇ. ದೊಡ್ಡ ಬ್ರೊಕೊಲಿಯನ್ನು ಹೆಚ್ಚುವಾಗ ದಪ್ಪ ದಂಟನ್ನು ಹಲವರು ಎಸೆದುಬಿಡುತ್ತಾರೆ. ಇದರಲ್ಲಾದರೋ ದಂಟೇ ಪ್ರಧಾನ. ಸಿಪ್ಪೆ ಹೆರೆಯುವ ಶ್ರಮವಿಲ್ಲ, ಬಿಸಾಡುವ ಭಾಗವೂ ಇಲ್ಲವೆನ್ನಬಹುದು. ದಂಟಿನ ಹುಳಿಯ ರುಚಿ ಬಲ್ಲ ನಮ್ಮ ಗೃಹಿಣಿಯರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕೆ?

ಇಂಥ ಕೋಮಲ ತರಕಾರಿಯನ್ನು ಕೆಡಿಸುವುದೂ ಸುಲಭ. ಹೆಚ್ಚು ಹೊತ್ತು ಬೇಯಿಸಿದರೆ ಕೋಸಿನ ಕುಲದಲ್ಲಿ ಅಡಗಿರುವ ಗಂಧಕದ ಅಂಶಗಳು ಹೊರಬಿದ್ದು ಘಾಟು ವಾಸನೆ ಹರಡುತ್ತದೆ. ತರಕಾರಿಯಿಂದಲೇ ಒಸರುವ ಆಮ್ಲ ಹಸಿರು ಬಣ್ಣವನ್ನು ಮಂಕಾಗಿಸುತ್ತದೆ. ಮುಚ್ಚಳ ಮುಚ್ಚಿದರಂತೂ ಅದು ಆವಿಯೊಡನೆ ಹೋಗಲಾರದೆ ಪಾತ್ರೆಯಲ್ಲಿಯೇ ಉಳಿಯುತ್ತದೆ. ಮಕ್ಕಳು ತಟ್ಟೆಯನ್ನು ದೂರ ಸರಿಸಿದಾಗ ತರಕಾರಿಯನ್ನು ದೂರುವ ಮುನ್ನ, ಅದು ಒಲೆಯ ಮೇಲೆ ಎಷ್ಟು ಹೊತ್ತು ಇದ್ದಿತೆಂಬುದನ್ನು ನೆನೆಯುವುದು ಒಳ್ಳೆಯದು.

ಪಾಕಕ್ರಮ ಹೀಗಿದೆ. ಇಬ್ಬರಿಗೆ 200 ಗ್ರಾಂ ಸಾಕು. ತೊಳೆದು, ದಂಟಿನ ಬುಡದ ಒಣಗಿದ ತುದಿಯನ್ನಷ್ಟೇ ಕತ್ತರಿಸಿರಿ. ದಪ್ಪವಾದ ದಂಟುಗಳನ್ನು ಉದ್ದಕ್ಕೆ ಸೀಳಿಕೊಂಡರೆ ಎಲ್ಲವೂ ಸಮನಾಗಿ ಬೇಯುತ್ತವೆ. ಅಗಲವಾದ ಪಾತ್ರೆಯಲ್ಲಿ ಧಾರಾಳವಾಗಿ ನೀರು ಕುದಿಸಿ, ಉಪ್ಪು ಬೆರೆಸಿ, ತರಕಾರಿ ಹಾಕಿರಿ. ಮುಚ್ಚಳ ಬೇಡ. ಎರಡು ನಿಮಿಷ ಕಳೆಯುತ್ತಲೇ ನೀರು ಬಸಿಯಿರಿ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಆಲಿವ್ ಎಣ್ಣೆ ಕಾಯಿಸಿ, ತೆಳುವಾಗಿ ಹೆಚ್ಚಿದ ಎರಡು ಎಸಳು ಬೆಳ್ಳುಳ್ಳಿಯನ್ನೂ ಒಂದು ಮುರಿದ ಒಣಮೆಣಸಿನಕಾಯಿಯನ್ನೂ ಸಣ್ಣ ಉರಿಯಲ್ಲಿ ಹುರಿಯಿರಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದೊಡನೆ ತರಕಾರಿ ಸೇರಿಸಿ, ಉರಿ ಹೆಚ್ಚಿಸಿ, ಒಂದು ನಿಮಿಷ ಬಾಡಿಸಿ ಇಳಿಸಿರಿ. ನಿಂಬೆಯ ರಸವನ್ನು ಬಡಿಸುವಾಗಲೇ ಹಿಂಡಬೇಕು. ಮೊದಲೇ ಹಿಂಡಿದರೆ ಹಸಿರು ಕುಂದುತ್ತದೆ. ದಂಟು ಹಲ್ಲಿಗೆ ಸ್ವಲ್ಪ ಗರಿಗರಿಯೆನಿಸಿದರೆ ಪಾಕ ಸರಿಯಾಯಿತೆಂದು ತಿಳಿಯಿರಿ.

ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಸಂಸಾರ ಹೂಡಿದ ಕನ್ನಡತಿಗೆ, ದಿನವೆಲ್ಲ ದುಡಿದು ಮನೆಗೆ ಮರಳಿದ ಸಂಜೆ ಇಂಥದೊಂದು ವ್ಯಂಜನ ದೊಡ್ಡ ಆಸರೆ. ಬೆಳ್ಳುಳ್ಳಿಯ ಬದಲು ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟು, ಮೇಲೆ ಹಿಡಿ ತೆಂಗಿನತುರಿ ಉದುರಿಸಿದರೆ ಅದೇ ನಮ್ಮ ಪಲ್ಯ. ಅನ್ನ ಮೊದಲು ಆಗಲಿ, ಸಾರೂ ಕುದಿಯಲಿ. ಎಲ್ಲರೂ ಊಟಕ್ಕೆ ಕೂಡುವ ಹೊತ್ತಿಗೆ ಇದನ್ನು ಒಲೆಗೇರಿಸಿದರೆ ಸಾಕು.