ಝಾನ್-ಬರ್ಟ್ರಾಂಡ್ ಅರಿಸ್ಟೀಡ್

ಝಾನ್-ಬರ್ಟ್ರಾಂಡ್ ಅರಿಸ್ಟೀಡ್ (ಜನನ: 15 ಜುಲೈ 1953) ಕೆರಿಬಿಯನ್ ಪ್ರದೇಶದ ಹೈಟಿ ದೇಶದ ರಾಜಕಾರಣಿ, ಮಾಜಿ ಕ್ಯಾಥೊಲಿಕ್ ಪಾದ್ರಿ ಹಾಗೂ ಮಾಜಿ ರಾಷ್ಟ್ರಾಧ್ಯಕ್ಷರು. 1990ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದ ಇವರನ್ನು ಮುಕ್ತ ಮತದಾನದ ಮೂಲಕ ಆಯ್ಕೆಯಾದ ಹೈಟಿಯ ಮೊದಲ ಅಧ್ಯಕ್ಷರೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಇವರು 1991ರಲ್ಲಿ, 1994ರಿಂದ 1996ರವರೆಗೆ ಮತ್ತು 2001ರಿಂದ 2004ರವರೆಗೆ ಅಧಿಕಾರದಲ್ಲಿದ್ದರು. ಎರಡು ಬಾರಿ ಅವಧಿ ಮುಗಿಯುವ ಮುನ್ನವೇ ದೇಶವನ್ನು ತೊರೆಯಬೇಕಾಯಿತು. ಬೆಂಬಲಿಗರು ಇವರನ್ನು ಬಡವರ ಪ್ರತಿನಿಧಿಯೆಂದು ಗೌರವಿಸಿದರೆ, ಟೀಕಾಕಾರರು ಪ್ರಜಾಪ್ರಭುತ್ವದ ಹೆಸರಿನಲ್ಲಿ ಬಂದು ಅದರ ಸಂಸ್ಥೆಗಳನ್ನೇ ದುರ್ಬಲಗೊಳಿಸಿದವರೆಂದು ಆರೋಪಿಸುತ್ತಾರೆ.

ಆರಂಭಿಕ ಜೀವನ

ಅರಿಸ್ಟೀಡ್ ಹೈಟಿಯ ದಕ್ಷಿಣ ಕರಾವಳಿಯ ಪೋರ್ಟ್-ಸಾಲ್ಯುವಿನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಸಲೇಶಿಯನ್ ಪಂಥದ ಶಾಲೆಗಳಲ್ಲಿ ವಿದ್ಯಾಭ್ಯಾಸ ಮಾಡಿ, 1982ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು. ಬಡವರ ಪಕ್ಷ ವಹಿಸುವುದೇ ಧರ್ಮದ ಕರ್ತವ್ಯವೆಂದು ಸಾರುವ ವಿಮೋಚನಾ ದೇವತಾಶಾಸ್ತ್ರವು ಇವರ ಮೇಲೆ ಗಾಢ ಪ್ರಭಾವ ಬೀರಿತು. ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನ ಕೊಳೆಗೇರಿಗಳಿಗೆ ಸಮೀಪದ ಸಂತ ಜಾನ್ ಬೋಸ್ಕೊ ಚರ್ಚ್‌ನಲ್ಲಿ ಇವರು ನೀಡುತ್ತಿದ್ದ ಪ್ರವಚನಗಳು ಜನಸಾಮಾನ್ಯರ ಭಾಷೆಯಾದ ಕ್ರಿಯೋಲ್‌ನಲ್ಲಿರುತ್ತಿದ್ದವು. ಆಡಳಿತ ಮತ್ತು ಮೇಲ್ವರ್ಗದ ಭಾಷೆ ಫ್ರೆಂಚ್ ಆಗಿದ್ದ ದೇಶದಲ್ಲಿ ಇದು ಮಹತ್ವದ ಸಂಗತಿಯಾಗಿತ್ತು.

1957ರಿಂದ ಹೈಟಿಯನ್ನು ಆಳುತ್ತಿದ್ದ ಡುವಾಲಿಯೇ ಕುಟುಂಬದ ಸರ್ವಾಧಿಕಾರವು 7 ಫೆಬ್ರವರಿ 1986ರಂದು ಕೊನೆಗೊಂಡಿತಾದರೂ, ಅಧಿಕಾರ ಸೇನೆಯ ಕೈಯಲ್ಲೇ ಉಳಿಯಿತು. ಸೇನಾಡಳಿತವನ್ನು ಬಹಿರಂಗವಾಗಿ ಖಂಡಿಸುತ್ತಿದ್ದ ಅರಿಸ್ಟೀಡರ ಮೇಲೆ ಹಲವು ಬಾರಿ ಹತ್ಯಾಯತ್ನಗಳು ನಡೆದವು. 11 ಸೆಪ್ಟೆಂಬರ್ 1988ರಂದು ಪ್ರಾರ್ಥನೆ ನಡೆಯುತ್ತಿದ್ದಾಗಲೇ ಶಸ್ತ್ರಸಜ್ಜಿತ ಗುಂಪೊಂದು ಅವರ ಚರ್ಚ್‌ಗೆ ನುಗ್ಗಿ, ಹನ್ನೆರಡಕ್ಕೂ ಹೆಚ್ಚು ಜನರನ್ನು ಕೊಂದು ಕಟ್ಟಡಕ್ಕೆ ಬೆಂಕಿಯಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ಸಲೇಶಿಯನ್ ಪಂಥವು ಅವರ ರಾಜಕೀಯ ಚಟುವಟಿಕೆಗಳ ಕಾರಣಕ್ಕಾಗಿ ಅವರನ್ನು ಹೊರಹಾಕಿತು.

ಮೊದಲ ಆಡಳಿತ ಮತ್ತು ಸೇನಾದಂಗೆ

16 ಡಿಸೆಂಬರ್ 1990ರ ಚುನಾವಣೆಯಲ್ಲಿ ಅರಿಸ್ಟೀಡ್ ಸುಮಾರು ಶೇಕಡ 67ರಷ್ಟು ಮತಗಳನ್ನು ಪಡೆದರು. ಅವರ ಚಳವಳಿಯ ಹೆಸರು 'ಲವಲಾಸ್'. ಕ್ರಿಯೋಲ್ ಭಾಷೆಯಲ್ಲಿ ಇದಕ್ಕೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗುವ ಪ್ರವಾಹವೆಂಬ ಅರ್ಥವಿದೆ. 7 ಫೆಬ್ರವರಿ 1991ರಂದು ಅಧಿಕಾರ ವಹಿಸಿಕೊಂಡ ಅವರು ಸೇನೆಯ ಹಿರಿಯ ಅಧಿಕಾರಿಗಳನ್ನು ನಿವೃತ್ತಿಗೊಳಿಸಲು ಮತ್ತು ಕನಿಷ್ಠ ಕೂಲಿಯನ್ನು ಹೆಚ್ಚಿಸಲು ಮುಂದಾದರು. ಆದರೆ ಸಂಸತ್ತಿನೊಡನೆ ಅವರ ಸಂಬಂಧ ಕೆಟ್ಟಿತು. ಸೆಪ್ಟೆಂಬರ್ 27ರಂದು ಅವರು ಮಾಡಿದ ಭಾಷಣವು ಗುಂಪುಹಿಂಸೆಗೆ ಕುಮ್ಮಕ್ಕು ನೀಡಿತೆಂದು ವಿರೋಧಿಗಳು ಆರೋಪಿಸಿದರು. ಬೆಂಬಲಿಗರು ಈ ಅರ್ಥವನ್ನು ಒಪ್ಪುವುದಿಲ್ಲ.

ಅಧಿಕಾರಕ್ಕೆ ಬಂದ ಎಂಟು ತಿಂಗಳೊಳಗೆ, 1991ರ ಸೆಪ್ಟೆಂಬರ್ ಅಂತ್ಯದಲ್ಲಿ, ಜನರಲ್ ರಾವೂಲ್ ಸೆದ್ರಾ ನೇತೃತ್ವದ ಸೇನೆಯು ಅವರನ್ನು ಪದಚ್ಯುತಗೊಳಿಸಿತು. ನಂತರದ ಮೂರು ವರ್ಷಗಳಲ್ಲಿ ಸಾವಿರಾರು ಜನರು ಹತರಾದರು. ಹತ್ತಾರು ಸಾವಿರ ಮಂದಿ ದೋಣಿಗಳಲ್ಲಿ ಪಲಾಯನ ಮಾಡಿದರು. ಸಮುದ್ರದಲ್ಲಿ ತಡೆಯಲ್ಪಟ್ಟ ಅನೇಕರನ್ನು ಅಮೆರಿಕವು ಗ್ವಾಂಟಾನಮೊ ನೌಕಾನೆಲೆಯಲ್ಲಿ ಇರಿಸಿತು.

ಮರಳಿಕೆ

1994ರ ಜುಲೈ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 940ನೇ ನಿರ್ಣಯದ ಮೂಲಕ ಚುನಾಯಿತ ಸರ್ಕಾರದ ಮರುಸ್ಥಾಪನೆಗಾಗಿ ಬಲಪ್ರಯೋಗಕ್ಕೆ ಅನುಮತಿ ನೀಡಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪಡೆಗಳು ಹೈಟಿಗೆ ಬಂದಿಳಿದವು. ಅಕ್ಟೋಬರ್ 15ರಂದು ಅರಿಸ್ಟೀಡ್ ತಾಯ್ನಾಡಿಗೆ ಮರಳಿದರು. 1995ರಲ್ಲಿ ಅವರು ಸೇನೆಯನ್ನು ವಿಸರ್ಜಿಸಿದರು. ದಂಗೆಗಳ ದೀರ್ಘ ಇತಿಹಾಸವಿದ್ದ ದೇಶದಲ್ಲಿ ಇದನ್ನು ಅವರ ಅತಿ ಮುಖ್ಯ ಸಾಧನೆಯೆಂದು ಅನೇಕರು ಭಾವಿಸುತ್ತಾರೆ. ಆದರೆ ಕೆಲಸ ಕಳೆದುಕೊಂಡ ಸೈನಿಕರ ಅಸಮಾಧಾನ ಮುಂದೆ ಬಂಡಾಯಕ್ಕೆ ಒದಗಿತು. ಹೊಸದಾಗಿ ರಚಿತವಾದ ಪೊಲೀಸ್ ಪಡೆಯೂ ದುರ್ಬಲವಾಗಿಯೇ ಉಳಿಯಿತು.

ಈ ಮರಳಿಕೆಯೊಂದಿಗೆ ಆರ್ಥಿಕ ಷರತ್ತುಗಳೂ ಬಂದವು. ಅಂತಾರಾಷ್ಟ್ರೀಯ ಸಾಲದಾತರ ಒತ್ತಡದಿಂದ ಆಮದು ಅಕ್ಕಿಯ ಮೇಲಿನ ಸುಂಕವನ್ನು ಶೇಕಡ 3ಕ್ಕೆ ಇಳಿಸಲಾಯಿತು. ಅಮೆರಿಕದ ಅಗ್ಗದ ಅಕ್ಕಿಯೆದುರು ಹೈಟಿಯ ಭತ್ತದ ರೈತರು ನಷ್ಟಕ್ಕೀಡಾದರು. ಈ ನೀತಿ ತಪ್ಪಾಗಿತ್ತೆಂದು ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ 2010ರಲ್ಲಿ ಒಪ್ಪಿಕೊಂಡರು.

ಸಂವಿಧಾನವು ಸತತ ಎರಡನೇ ಅವಧಿಗೆ ಅವಕಾಶ ನೀಡದ ಕಾರಣ, ಅರಿಸ್ಟೀಡ್ 7 ಫೆಬ್ರವರಿ 1996ರಂದು ರೆನೆ ಪ್ರೆವಾಲ್ ಅವರಿಗೆ ಅಧಿಕಾರ ಹಸ್ತಾಂತರಿಸಿದರು. ಅದೇ ವರ್ಷ 'ಫಾನ್ಮಿ ಲವಲಾಸ್' ಪಕ್ಷವನ್ನು ಸ್ಥಾಪಿಸಿದರು.

ಎರಡನೇ ಅವಧಿ

2000ದ ಮೇ ತಿಂಗಳಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ ಪಕ್ಷವು ಭಾರಿ ಗೆಲುವು ಸಾಧಿಸಿತು. ಆದರೆ ಸೆನೆಟ್‌ನ ಕೆಲವು ಸ್ಥಾನಗಳಲ್ಲಿ ಮುಂಚೂಣಿ ಅಭ್ಯರ್ಥಿಗಳ ಮತಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಎರಡನೇ ಸುತ್ತಿಲ್ಲದೆಯೇ ವಿಜೇತರನ್ನು ಘೋಷಿಸಲಾಗಿತ್ತು. ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯು ಇದನ್ನು ಆಕ್ಷೇಪಿಸಿತು. ಪ್ರಮುಖ ವಿರೋಧ ಪಕ್ಷಗಳು ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯನ್ನು ಬಹಿಷ್ಕರಿಸಿದವು; ಅರಿಸ್ಟೀಡ್ ಸುಮಾರು ಶೇಕಡ 92ರಷ್ಟು ಮತಗಳಿಂದ ಗೆದ್ದರು. ವಿವಾದದ ಹಿನ್ನೆಲೆಯಲ್ಲಿ ವಿದೇಶಿ ನೆರವು ಸ್ಥಗಿತಗೊಂಡು, ಬಡ ದೇಶದ ಆಡಳಿತ ಮತ್ತಷ್ಟು ಕುಗ್ಗಿತು. ಇದೇ ಅವಧಿಯಲ್ಲಿ 'ಶಿಮೇರ್' ಎಂದು ಕರೆಯಲ್ಪಟ್ಟ, ಸರ್ಕಾರದ ಪರವಾದ ಶಸ್ತ್ರಸಜ್ಜಿತ ಗುಂಪುಗಳು ವಿರೋಧಿಗಳ ಮೇಲೆ ದಾಳಿ ನಡೆಸಿದುದನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ.

2003ರಲ್ಲಿ ವೊಡೂ ಧರ್ಮಕ್ಕೆ ಅಧಿಕೃತ ಮಾನ್ಯತೆ ದೊರೆಯಿತು. ಅದೇ ವರ್ಷದ ಏಪ್ರಿಲ್ 7ರಂದು, ಹೈಟಿ ಕ್ರಾಂತಿಯ ನಾಯಕ ತೂಸಾಂ ಲೂವೆರ್ತ್ಯೂರ್ ಅವರ 200ನೇ ಪುಣ್ಯತಿಥಿಯಂದು, ಅರಿಸ್ಟೀಡ್ ಫ್ರಾನ್ಸ್‌ನಿಂದ ಸುಮಾರು 2,170 ಕೋಟಿ ಡಾಲರ್ ಮರುಪಾವತಿಗೆ ಬೇಡಿಕೆಯಿಟ್ಟರು. ಗುಲಾಮಗಿರಿಯನ್ನು ಕಿತ್ತೊಗೆದು 1804ರಲ್ಲಿ ಸ್ವತಂತ್ರವಾದ ಹೈಟಿಗೆ ಮಾನ್ಯತೆ ನೀಡಲು ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರವನ್ನು ಕೇಳಿತ್ತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಲಾಗಿತ್ತು. ಅದನ್ನು ತೀರಿಸಲು ಎತ್ತಿದ ಸಾಲದ ಹೊರೆ ಇಪ್ಪತ್ತನೇ ಶತಮಾನದವರೆಗೂ ದೇಶವನ್ನು ಬಾಧಿಸಿತು.

ನಿರ್ಗಮನದ ವಿವಾದ

2004ರ ಫೆಬ್ರವರಿಯಲ್ಲಿ ಗೊನಾಯೀವ್ ನಗರದಲ್ಲಿ ಆರಂಭವಾದ ಸಶಸ್ತ್ರ ಬಂಡಾಯಕ್ಕೆ, ಮಾಜಿ ಪೊಲೀಸ್ ಅಧಿಕಾರಿ ಗೀ ಫಿಲಿಪ್ ನೇತೃತ್ವದ ಪಡೆಯೂ ಮಾಜಿ ಸೈನಿಕರೂ ಸೇರಿಕೊಂಡರು. ಫೆಬ್ರವರಿ 29ರ ಮುಂಜಾನೆ ಅರಿಸ್ಟೀಡರನ್ನು ಅಮೆರಿಕದ ವಿಮಾನದಲ್ಲಿ ದೇಶದಿಂದ ಹೊರಕ್ಕೆ ಕರೆದೊಯ್ಯಲಾಯಿತು. ಅವರು ಸ್ವಇಚ್ಛೆಯಿಂದ ರಾಜೀನಾಮೆ ನೀಡಿದರೆಂದು ಅಮೆರಿಕ ಹೇಳಿದರೆ, ತಮ್ಮನ್ನು ಅಪಹರಿಸಲಾಯಿತೆಂದು ಅರಿಸ್ಟೀಡ್ ಹೇಳಿದರು. ಕೆರಿಬಿಯನ್ ರಾಷ್ಟ್ರಗಳ ಸಮುದಾಯವು ಸ್ವತಂತ್ರ ತನಿಖೆಯನ್ನು ಕೋರಿತು. ಫ್ರಾನ್ಸ್ ವಿರುದ್ಧದ ಬೇಡಿಕೆಯನ್ನು ನಂತರದ ಮಧ್ಯಂತರ ಸರ್ಕಾರ ಕೈಬಿಟ್ಟಿತು. ಮಧ್ಯ ಆಫ್ರಿಕಾ ಗಣರಾಜ್ಯ ಮತ್ತು ಜಮೈಕಾಗಳ ಮೂಲಕ ದಕ್ಷಿಣ ಆಫ್ರಿಕಾ ಸೇರಿದ ಅರಿಸ್ಟೀಡ್, 18 ಮಾರ್ಚ್ 2011ರಂದು ಹೈಟಿಗೆ ಹಿಂದಿರುಗಿದರು.

ಪರಂಪರೆ

ಅರಿಸ್ಟೀಡರ ಆಡಳಿತದ ಮೌಲ್ಯಮಾಪನವು ಇಂದಿಗೂ ವಿವಾದಾಸ್ಪದವಾಗಿದೆ. ದೇಶೀಯ ಶ್ರೀಮಂತ ವರ್ಗ ಮತ್ತು ವಿದೇಶಿ ಶಕ್ತಿಗಳು ಜನಾದೇಶವನ್ನು ಎರಡು ಬಾರಿ ಹೊಸಕಿಹಾಕಿದವೆಂಬುದು ಒಂದು ವಾದ. ವಿರೋಧವನ್ನು ಸಹಿಸದೆ, ಸಂಸ್ಥೆಗಳಿಗಿಂತ ಬೀದಿಬಲವನ್ನು ನೆಚ್ಚಿಕೊಂಡದ್ದೇ ಅವರ ಪತನಕ್ಕೆ ಕಾರಣವೆಂಬುದು ಮತ್ತೊಂದು. ಮತಪೆಟ್ಟಿಗೆಯಲ್ಲಿ ಅವರಿಗಿದ್ದ ಬಲಕ್ಕೆ ಸಮನಾದ ಆಡಳಿತ ಯಂತ್ರವಾಗಲಿ, ಆರ್ಥಿಕ ಸ್ವಾತಂತ್ರ್ಯವಾಗಲಿ ಇರಲಿಲ್ಲವೆಂಬುದನ್ನು ಎರಡೂ ಅವಧಿಗಳ ಘಟನೆಗಳು ತೋರಿಸುತ್ತವೆ. ಅವರು ವಿಸರ್ಜಿಸಿದ್ದ ಸೇನೆಯನ್ನು 2017ರಲ್ಲಿ ಮರುಸ್ಥಾಪಿಸಲಾಯಿತು. ಅವರು ಎತ್ತಿದ ಪರಿಹಾರದ ಪ್ರಶ್ನೆಯಾದರೋ ಜೀವಂತವಾಗಿ ಉಳಿಯಿತು: 1825ರ ಆಜ್ಞೆಗೆ 200 ವರ್ಷಗಳು ತುಂಬಿದ 2025ರ ಏಪ್ರಿಲ್‌ನಲ್ಲಿ, ಅದರ ಪರಿಣಾಮಗಳನ್ನು ಅಧ್ಯಯನ ಮಾಡಲು ಉಭಯ ದೇಶಗಳ ಇತಿಹಾಸಕಾರರ ಜಂಟಿ ಆಯೋಗವನ್ನು ಫ್ರಾನ್ಸ್ ಘೋಷಿಸಿತು.