ಬೇಸಿಗೆಯ ಶಾಖ ಮತ್ತು ಸೋಲಾರ್ ಪಂಪ್‌ಸೆಟ್ಟು



ಹೂಮಳೆ ತಡವಾದರೆ ಕಾಫಿಗೆ ತುಂತುರು ನೀರು ಕೊಡಬೇಕು. ಬೇಸಿಗೆಯುದ್ದಕ್ಕೂ ಅಡಿಕೆಗೆ ನೀರುಣಿಸಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಸೋಲಾರ್ ಪಂಪಿಗೆ ಹೆಚ್ಚು ಕೆಲಸ ಬೀಳುವುದು ಆಗಲೇ. ಆದರೆ ಜನವರಿ ಮಧ್ಯಾಹ್ನ ಬಂದಷ್ಟು ನೀರು ಏಪ್ರಿಲ್ ಮಧ್ಯಾಹ್ನ ಬಾರದಿರುವುದುಂಟು. ಮೋಟಾರು ಕೆಟ್ಟಿತೆಂದು ಪಂಪನ್ನು ಮೇಲೆತ್ತಿಸಿ ಹಣ ಕಳೆಯುವ ಮೊದಲು ಒಂದು ವಿಷಯ ತಿಳಿದಿರಬೇಕು.

ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು, ಶಾಖವಲ್ಲ. ಅದರ ಮೇಲೆ ನಮೂದಿಸಿದ ವಾಟ್, ಸೆಲ್ಲಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅಳೆದದ್ದು. ಗಾಳಿಯ ಉಷ್ಣತೆ 34 ಡಿಗ್ರಿ ಇದ್ದ ದಿನ ಬಿಸಿಲಿಗೆ ಕಾದ ಸೆಲ್ 60 ಡಿಗ್ರಿ ಮುಟ್ಟಬಹುದು. ಸಿಲಿಕಾನ್ ಕಾದಂತೆ ಪ್ರತಿ ಸೆಲ್ಲಿನಲ್ಲೂ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆಂಪಿಯರ್ ತುಸು ಏರಿದರೂ ಆ ನಷ್ಟ ತುಂಬುವುದಿಲ್ಲ.

ಲೆಕ್ಕ ಹಾಕೋಣ. 72 ಸೆಲ್ಲುಗಳ ಪ್ಯಾನೆಲ್ 35 ಡಿಗ್ರಿ ಹೆಚ್ಚು ಕಾದರೆ ಸುಮಾರು 5 ವೋಲ್ಟ್ ನಷ್ಟ. ಸಾಲಾಗಿ ಜೋಡಿಸಿದ 8 ಪ್ಯಾನೆಲ್ಲುಗಳಲ್ಲಿ 40 ವೋಲ್ಟ್. ಒಟ್ಟು ಶಕ್ತಿಯಲ್ಲಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಕಡಿತ. ಶೇಕಡಾ 0.4ರಂತೆ ಹಿಡಿದರೆ 5,000 ವಾಟ್ ಇರಬೇಕಾದಲ್ಲಿ 4,300 ವಾಟ್ ಮಾತ್ರ. ಮೋಟಾರಿನ ವೇಗ ತಗ್ಗುತ್ತದೆ. ಬೋರ್‌ವೆಲ್ ಆಳವಾಗಿದ್ದಷ್ಟೂ ನೀರು ಇನ್ನಷ್ಟು ಕಡಿಮೆಯಾಗುತ್ತದೆ.

ಕಾರಣ ಗುರುತಿಸುವುದು ಹೇಗೆ? ಕಂಟ್ರೋಲರ್ ತೋರಿಸುವ ವೋಲ್ಟೇಜನ್ನು ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಎರಡಕ್ಕೂ ಬರೆದಿಡಿ. ವೋಲ್ಟೇಜ್ ಇಳಿದು, ನೀರು ಸಣ್ಣದಾದರೂ ಒಂದೇ ಸಮನೆ ಬರುತ್ತಿದ್ದರೆ ಶಾಖವನ್ನು ಶಂಕಿಸಬಹುದು. ಗಾಳಿ ಬೆರೆತು ಬಿಟ್ಟು ಬಿಟ್ಟು ಬಂದರೆ ಬೋರ್‌ವೆಲ್ಲಿನ ನೀರೇ ಇಳಿದಿದೆಯೆಂದು ತಿಳಿಯಬೇಕು. ತಂತಿ ಬಿಚ್ಚಿ ಅಳೆಯುವ ಕೆಲಸ ಮೆಕ್ಯಾನಿಕ್‌ನದು. ಈ ವೋಲ್ಟೇಜ್ ಪ್ರಾಣಾಪಾಯಕಾರಿ.

ಅನುಸರಿಸಬೇಕಾದ ಕ್ರಮಗಳು:

1. ಪ್ಯಾನೆಲ್ಲುಗಳನ್ನು ಶೀಟಿನ ಮಾಡಿಗೆ ಒತ್ತಿ ಕೂರಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ.

2. ತಂಪಿಗೆಂದು ಮರದಡಿ ಇಡಬೇಡಿ. ನೆರಳು ಕಾಫಿಗೆ ಹಿತ, ಪ್ಯಾನೆಲ್ಲಿಗಲ್ಲ.

3. ಧೂಳನ್ನು ಮುಂಜಾನೆಯೇ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು.

4. ಬೇಸಿಗೆಯ ಕೊರತೆ ನೀಗಲೆಂದು ಸಾಲಿಗೆ ಪ್ಯಾನೆಲ್ ಸೇರಿಸುವ ಮೊದಲು ಕಂಟ್ರೋಲರಿನ ಗರಿಷ್ಠ ವೋಲ್ಟೇಜ್ ನೋಡಿಕೊಳ್ಳಿ. ಚಳಿಗಾಲದ ಮುಂಜಾನೆ ವೋಲ್ಟೇಜ್ ಏರುತ್ತದೆ. ಮಿತಿ ಮೀರಿದರೆ ಕಂಟ್ರೋಲರ್ ಸುಟ್ಟೀತು.

ಹೊಸದಾಗಿ ಪಂಪ್‌ಸೆಟ್ಟು ಹಾಕಿಸುವ ಸದಸ್ಯರು, ಏಪ್ರಿಲ್ ಮಧ್ಯಾಹ್ನ ಎಷ್ಟು ನೀರು ಬರುವುದೆಂದು ಮಾರಾಟಗಾರರನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆಯಬೇಕೆಂದು ನಮ್ಮ ಸಲಹೆ.